ಖಡ್ಗಧಾರಿಯ ಗುಣ-ದೋಷ: ‘ಸಮುರಾಯ್ ಶೋಡೌನ್’ ಆಟದ ಹವೋಮಾರು ಪಾತ್ರದ ವಿಮರ್ಶೆ

ಕಾವ್ಯದಲ್ಲಿ ಬರುವ ಪಾತ್ರವೊಂದನ್ನು ವಿಮರ್ಶೆಗೆ ಎತ್ತಿಕೊಂಡಾಗ ಅದರ ಗುಣಗಳನ್ನೂ ದೋಷಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ದುರ್ಯೋಧನನಲ್ಲಿಯೂ ಛಲವೆಂಬ ಗುಣವನ್ನು ಕಂಡು ಮೆಚ್ಚಿದ ಸಾಹಿತ್ಯ ನಮ್ಮದು. ಆದರೆ ನಮ್ಮ ಮಕ್ಕಳು, ಮೊಮ್ಮಕ್ಕಳು ಪರದೆಯ ಮುಂದೆ ಕುಳಿತು ಆಡುವ ವಿಡಿಯೋ ಆಟಗಳ ಪಾತ್ರಗಳಿಗೆ ಈ ಗೌರವವನ್ನು ನಾವು ಇನ್ನೂ ಕೊಟ್ಟಿಲ್ಲ. ಅವನ್ನೆಲ್ಲ ಒಟ್ಟಾಗಿ ‘ಹೊಡೆದಾಟದ ಆಟ’ ಎಂದು ಕರೆದು ಬದಿಗೆ ಸರಿಸುತ್ತೇವೆ. ಇಲ್ಲವೆ, ಮಕ್ಕಳು ಗಲಾಟೆ ಮಾಡದೆ ಕುಳಿತಿದ್ದಾರಲ್ಲ ಎಂದು ಸುಮ್ಮನಾಗುತ್ತೇವೆ. ಎರಡೂ ನಿಲುವುಗಳಲ್ಲಿ ವಿಚಾರ ಮಾಡುವ ಶ್ರಮ ತಪ್ಪುತ್ತದೆ ಎಂಬುದೊಂದೇ ಅನುಕೂಲ.

ಈ ಶ್ರಮವನ್ನು ನಾನು ಕೈಗೊಳ್ಳಬೇಕಾಗಿ ಬಂದದ್ದು ಮನೆಯಲ್ಲಿ ನಡೆದ ಒಂದು ವಾದದಿಂದ. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗ ರಜೆಗೆ ಬಂದಾಗ ತನ್ನ ಆಟದ ಯಂತ್ರವನ್ನೂ ತಂದಿದ್ದನು. ಪರದೆಯ ಮೇಲೆ ಖಡ್ಗಗಳು ತಾಗುವುದನ್ನು, ರಕ್ತ ಚಿಮ್ಮುವುದನ್ನು ಕಂಡ ಮಗಳು, “ಅಪ್ಪಾಜಿ, ಇದು ನಮ್ಮ ಮನೆಗೆ ತಕ್ಕದ್ದೆ? ನೀವೇ ಒಂದು ಮಾತು ಹೇಳಿ ಇದನ್ನು ನಿಲ್ಲಿಸಿ” ಎಂದಳು. ಮೊಮ್ಮಗನು, “ಅಜ್ಜ, ನೀವು ಒಂದು ಪುಸ್ತಕವನ್ನು ಓದದೆ ಅದರ ಬಗ್ಗೆ ಮಾತನಾಡುವುದಿಲ್ಲ. ಇದನ್ನೂ ಆಡಿ ನೋಡಿಯೇ ಹೇಳಿ” ಎಂದನು. ಅವನ ಮಾತು ನ್ಯಾಯವಾಗಿತ್ತು. ಹೀಗಾಗಿ ನಾಲ್ಕು ಸಂಜೆಗಳ ಕಾಲ ಅವನ ಪಕ್ಕದಲ್ಲಿ ಕುಳಿತು, ಕಂಟ್ರೋಲರ್ ಹಿಡಿದು, ಅವನ ಮೆಚ್ಚಿನ ಪಾತ್ರವಾದ ಹವೋಮಾರು ಎಂಬ ಖಡ್ಗಧಾರಿಯನ್ನು ಆಡಿಸಲು ಕಲಿತೆನು. ಆ ಅಭ್ಯಾಸದ ಫಲವೇ ಈ ಲೇಖನ.

ಪಾತ್ರದ ಹಿನ್ನೆಲೆ

‘ಸಮುರಾಯ್ ಶೋಡೌನ್’ ಎಂಬುದು ಜಪಾನಿನ ಎಸ್‌ಎನ್‌ಕೆ ಸಂಸ್ಥೆ ೧೯೯೩ರಲ್ಲಿ ಹೊರತಂದ ಆಟ. ಜಪಾನಿನಲ್ಲಿ ಇದರ ಹೆಸರು ‘ಸಮುರಾಯ್ ಸ್ಪಿರಿಟ್ಸ್’. ಮೊದಲು ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ ಬಂದು, ಬಳಿಕ ಮನೆಯಲ್ಲಿ ಆಡುವ ಯಂತ್ರಗಳಿಗೂ ಇಳಿಯಿತು. ಸರಣಿಯ ಹಲವು ಭಾಗಗಳು ಬಂದ ನಂತರ ೨೦೧೯ರಲ್ಲಿ ಹೊಸ ರೂಪದಲ್ಲಿ ಮತ್ತೊಮ್ಮೆ ಪ್ರಕಟವಾಯಿತು. ಹವೋಮಾರು ಮೊದಲ ಭಾಗದಿಂದಲೂ ಇದರ ಮುಖ್ಯ ಪಾತ್ರ. ೨೦೨೦ರಲ್ಲಿ ‘ಸೋಲ್‌ಕ್ಯಾಲಿಬರ್ ೬’ ಎಂಬ ಬೇರೊಂದು ಸಂಸ್ಥೆಯ ಖಡ್ಗಯುದ್ಧದ ಆಟಕ್ಕೂ ಅವನು ಅತಿಥಿಯಾಗಿ ಹೋದನೆಂದರೆ ಅವನ ಜನಪ್ರಿಯತೆಯನ್ನು ಊಹಿಸಬಹುದು.

ಕಥೆಯ ಕಾಲ ಹದಿನೆಂಟನೆಯ ಶತಮಾನದ ಕೊನೆಯ ಭಾಗ. ಆಗ ಜಪಾನನ್ನು ಆಳುತ್ತಿದ್ದವರು ತೊಕುಗಾವಾ ವಂಶದ ಶೋಗನ್ನರು. ಅವರ ಆಳ್ವಿಕೆ ೧೬೦೩ರಲ್ಲಿ ಆರಂಭವಾಗಿ ೧೮೬೮ರವರೆಗೆ ನಡೆಯಿತು. ಮೊದಲ ಕೆಲವು ದಶಕಗಳನ್ನು ಬಿಟ್ಟರೆ ಆ ದೀರ್ಘಕಾಲದಲ್ಲಿ ದೊಡ್ಡ ಯುದ್ಧಗಳು ನಡೆಯಲಿಲ್ಲ. ಸಮುರಾಯ್ ವರ್ಗದವರು ಸೊಂಟದಲ್ಲಿ ಖಡ್ಗವನ್ನು ಧರಿಸುತ್ತಿದ್ದರೂ ಬಹುಮಂದಿಗೆ ಅದು ಅಂತಸ್ತಿನ ಗುರುತಾಗಿತ್ತು. ಅವರಲ್ಲಿ ಅನೇಕರು ಲೆಕ್ಕಪತ್ರ ಬರೆಯುವ ಅಧಿಕಾರಿಗಳಾಗಿದ್ದರು. ಇಂಥ ಶಾಂತಿಕಾಲದಲ್ಲಿ ಒಡೆಯನಿಲ್ಲದೆ, ಮನೆಯಿಲ್ಲದೆ, ತನಗೆ ಸರಿಸಮನಾದ ಎದುರಾಳಿಯನ್ನು ಹುಡುಕುತ್ತ ಊರೂರು ಅಲೆಯುವವನು ಹವೋಮಾರು. ಹೆಸರಿನಲ್ಲಿಯೇ ‘ಗೆದ್ದು ಆಳುವವನು’ ಎಂಬ ಅರ್ಥವಿದೆ. ಅವನ ಖಡ್ಗದ ಹೆಸರು ‘ಫುಗುದೊಕು’. ಫುಗು ಎಂಬ ಮೀನಿನ ವಿಷ ಎಂದು ಇದರ ಅರ್ಥ. ಕೆದರಿ ಮೇಲೆ ಕಟ್ಟಿದ ಕೂದಲು, ಜೊತೆಗೆ ಮದ್ಯದ ಕುಡಿಕೆ, ಗೆದ್ದಾಗ ಅಟ್ಟಹಾಸ. ಇವಿಷ್ಟು ಅವನ ಹೊರರೂಪ.

ಈ ಪಾತ್ರಕ್ಕೆ ಮಾದರಿ ಜಪಾನಿನ ಇತಿಹಾಸಪ್ರಸಿದ್ಧ ಖಡ್ಗವಿದ್ಯಾವಂತ ಮಿಯಾಮೊತೊ ಮುಸಾಶಿ. ಆದರೆ ಮಾದರಿಗೂ ಪ್ರತಿಬಿಂಬಕ್ಕೂ ನಡುವೆ ಅಂತರವಿದೆ. ಮುಸಾಶಿ ೧೬೧೨ರಲ್ಲಿ ಸಸಾಕಿ ಕೊಜಿರೋ ಎಂಬ ಪ್ರತಿಸ್ಪರ್ಧಿಯನ್ನು ಸೋಲಿಸಿದ್ದು ದೋಣಿಯ ಹುಟ್ಟಿನಿಂದ ಕೆತ್ತಿದ ಮರದ ಕತ್ತಿಯಿಂದ ಎಂಬ ಪ್ರತೀತಿ ಉಂಟು. ಮುಂದೆ ಅವನು ಚಿತ್ರಕಲೆಯಲ್ಲಿ ತೊಡಗಿದನು. ಕೊನೆಗಾಲದಲ್ಲಿ ಕುಮಾಮೊತೊ ಬಳಿಯ ಒಂದು ಗುಹೆಯಲ್ಲಿ ಏಕಾಂತದಲ್ಲಿದ್ದು ತನ್ನ ವಿದ್ಯೆಯನ್ನು ಗ್ರಂಥರೂಪಕ್ಕೆ ತಂದು ೧೬೪೫ರಲ್ಲಿ ತೀರಿಕೊಂಡನು. ಆಟದ ಹವೋಮಾರುವಿಗೆ ಇಂಥ ಉತ್ತರಾರ್ಧವಿಲ್ಲ. ಅವನು ಬಹುತೇಕ ಭಾಗಗಳಲ್ಲಿ ಅದೇ ಪ್ರಾಯದಲ್ಲಿ, ಅದೇ ಹಾದಿಯಲ್ಲಿ ನಿಂತಿರುತ್ತಾನೆ.

ಗುಣಗಳು

ಪಾತ್ರದ ಗುಣವನ್ನು ಮೊದಲು ಆಟದ ಒಳಗಿನಿಂದಲೇ ನೋಡೋಣ. ಆ ಕಾಲದ ಇತರ ಹೊಡೆದಾಟದ ಆಟಗಳಲ್ಲಿ, ಮುಖ್ಯವಾಗಿ ೧೯೯೧ರ ‘ಸ್ಟ್ರೀಟ್ ಫೈಟರ್ ೨’ರ ದಾರಿಯಲ್ಲಿ ನಡೆದವುಗಳಲ್ಲಿ, ಒಂದರ ಹಿಂದೆ ಒಂದಾಗಿ ಪೆಟ್ಟುಗಳನ್ನು ಪೋಣಿಸುವುದೇ ಕೌಶಲವೆನಿಸಿತ್ತು. ಬೆರಳುಗಳ ವೇಗವುಳ್ಳವನು ಅಲ್ಲಿ ಮುಂದೆ. ‘ಸಮುರಾಯ್ ಶೋಡೌನ್’ ಈ ದಾರಿಯನ್ನು ಬಿಟ್ಟಿತು. ಇಲ್ಲಿ ಸರಣಿ ಪೆಟ್ಟುಗಳು ಕಡಿಮೆ. ಒಂದೊಂದು ಪೆಟ್ಟಿಗೂ ತೂಕ ಹೆಚ್ಚು. ಸರಿಯಾದ ಕ್ಷಣದಲ್ಲಿ ಬಿದ್ದ ಮೂರು ನಾಲ್ಕು ಪೆಟ್ಟುಗಳಲ್ಲಿ ಒಂದು ಸುತ್ತು ಮುಗಿದುಹೋಗಬಹುದು. ಈ ನಿಯಮಕ್ಕೆ ಹವೋಮಾರುವಿನಷ್ಟು ಹೊಂದುವ ಪಾತ್ರ ಮತ್ತೊಂದಿಲ್ಲ.

ಅವನ ಮೊದಲನೆಯ ಬಲ ಭಾರಿ ಹೊಡೆತ. ನಿಂತಲ್ಲಿಂದಲೇ ಖಡ್ಗವನ್ನು ಪೂರ್ಣವಾಗಿ ಬೀಸಿದರೆ ಅದು ದೂರಕ್ಕೂ ತಲುಪುತ್ತದೆ, ಎದುರಾಳಿಯ ಪ್ರಾಣಪಟ್ಟಿಯ ದೊಡ್ಡ ಪಾಲನ್ನೂ ಕಳೆಯುತ್ತದೆ. ಆದುದರಿಂದ ಅವನು ಸುಮ್ಮನೆ ನಿಂತಿದ್ದರೂ ಎದುರಾಳಿಗೆ ಭಯ. ಬೀಸದ ಖಡ್ಗವೂ ಕೆಲಸ ಮಾಡುತ್ತದೆ ಎಂಬ ಈ ಸಂಗತಿ ನನಗೆ ಎರಡನೆಯ ಸಂಜೆ ತಿಳಿಯಿತು.

ಎರಡನೆಯ ಬಲ ಅವನ ಸಮತೋಲ. ದೂರದಲ್ಲಿರುವವನ ಮೇಲೆ ನೆಲವನ್ನು ಹಿಡಿದು ಸಾಗುವ ಸುಂಟರಗಾಳಿಯನ್ನು ಕಳುಹಿಸಬಲ್ಲ. ಜಪಾನೀ ಭಾಷೆಯಲ್ಲಿ ಅದರ ಹೆಸರು ‘ಸೆನ್‌ಪೂ ರೆತ್ಸು ಝಾನ್’. ಮೇಲಿನಿಂದ ಜಿಗಿದು ಬರುವವನನ್ನು ಬಾಗಿದ ಚಂದ್ರರೇಖೆಯಂತೆ ಮೇಲೇರುವ ಹೊಡೆತದಿಂದ ತಡೆಯಬಲ್ಲ. ಅದು ‘ಕೊಗೆತ್ಸು ಝಾನ್’. ಹೀಗೆ ದೂರಕ್ಕೊಂದು, ಆಕಾಶಕ್ಕೊಂದು, ಎದುರಿಗೊಂದು ಉತ್ತರ ಅವನಲ್ಲಿದೆ.

ಮೂರನೆಯದು ಋಜುತ್ವ. ಕೆಲವು ಪಾತ್ರಗಳು ಮಾಯವಾಗುತ್ತವೆ, ಕೆಲವು ನಾಯಿಯನ್ನೋ ಗಿಡುಗವನ್ನೋ ಮುಂದೆ ಬಿಡುತ್ತವೆ, ಕೆಲವು ಬಾಂಬು ಎಸೆಯುತ್ತವೆ. ಹವೋಮಾರುವಿನಲ್ಲಿ ಮರೆಮಾಚುವ ಕಪಟ ಕಡಿಮೆ. ಅವನು ಏನು ಮಾಡಬಲ್ಲನೆಂಬುದು ಎದುರಾಳಿಗೆ ಗೊತ್ತು. ಯಾವಾಗ ಮಾಡುವನೆಂಬುದು ಮಾತ್ರ ಗೊತ್ತಿಲ್ಲ. ಹೊಸದಾಗಿ ಕಲಿಯುವವರಿಗೆ ಅವನನ್ನು ಶಿಫಾರಸು ಮಾಡಲು ಇದೇ ಕಾರಣ. ನನ್ನಂಥ ಎಪ್ಪತ್ತು ದಾಟಿದವನ ಕೈಗೂ ಅವನು ಬೇಗ ಒಗ್ಗಿದನು.

ದೋಷಗಳು

ಇನ್ನು ದೌರ್ಬಲ್ಯಗಳು. ಸ್ವಾರಸ್ಯವೆಂದರೆ ಅವನ ಪ್ರತಿಯೊಂದು ದೋಷವೂ ಒಂದೊಂದು ಗುಣದಿಂದಲೇ ಹುಟ್ಟಿದೆ. ಭಾರಿ ಹೊಡೆತವನ್ನು ಒಮ್ಮೆ ಬೀಸಿದ ಮೇಲೆ ನಡುವೆ ನಿಲ್ಲಿಸಿ ಸುಲಭವಾಗಿ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಖಡ್ಗ ತನ್ನ ದಾರಿಯನ್ನು ಮುಗಿಸಿ ಮತ್ತೆ ಸ್ವಸ್ಥಾನಕ್ಕೆ ಬರುವವರೆಗೆ ಅವನ ಮೈ ತೆರೆದಿರುತ್ತದೆ. ಎದುರಾಳಿ ಒಂದು ಹೆಜ್ಜೆ ಹಿಂದೆ ಸರಿದು ಆ ಹೊಡೆತವನ್ನು ಗಾಳಿಗೆ ಬಿಟ್ಟರೆ ಮುಂದಿನ ಹೊಡೆತ ಅವನದು. ಹೊಡೆತವನ್ನು ತಡೆದರಂತೂ ಖಡ್ಗ ಹಿಂದಕ್ಕೆ ಪುಟಿದು ಹೊಡೆದವನೇ ತತ್ತರಿಸುತ್ತಾನೆ. ಸುಂಟರಗಾಳಿಯನ್ನು ಕಳುಹಿಸಿದ ಕ್ಷಣದಲ್ಲಿ ಎದುರಾಳಿ ಅದರ ಮೇಲಿಂದ ಹಾರಿ ಬಂದರೆ ಕಾಯುವವರಿಲ್ಲ. ಚಂದ್ರರೇಖೆಯ ಹೊಡೆತ ತಪ್ಪಿದರೆ ಮೇಲೇರಿದವನು ಕೆಳಗಿಳಿಯುವಷ್ಟು ಹೊತ್ತೂ ನಿರಾಧಾರ.

ಹತ್ತಿರದ ಹೋರಾಟದಲ್ಲಿಯೂ ಅವನಿಗೆ ತೊಡಕುಂಟು. ಇದಕ್ಕೆ ಉತ್ತಮ ಉದಾಹರಣೆ ನಕೊರುರು. ಜಪಾನಿನ ಉತ್ತರದ ಐನು ಜನಾಂಗದ ಈ ಹುಡುಗಿ ಕೈಯಲ್ಲಿ ಚಿಕ್ಕ ಕಿರುಗತ್ತಿ ಹಿಡಿದವಳು, ಜೊತೆಗೆ ಮಮಹಹ ಎಂಬ ಗಿಡುಗ. ಒಂದು ಪೆಟ್ಟಿನ ಬಲವನ್ನು ನೋಡಿದರೆ ಅವಳು ಹವೋಮಾರುವಿನ ಮುಂದೆ ಏನೂ ಅಲ್ಲ. ಆದರೆ ಅವಳ ನಡೆ ಚುರುಕು. ಅವನ ಖಡ್ಗದ ಅಂತರವನ್ನು ದಾಟಿ ಒಳಗೆ ನುಗ್ಗಿದಳೆಂದರೆ ಆ ಉದ್ದವಾದ ಖಡ್ಗವೇ ಅವನಿಗೆ ಹೊರೆ. ಮೊದಲ ಸಂಜೆ ಮೊಮ್ಮಗ ಈ ಹುಡುಗಿಯನ್ನಿಟ್ಟುಕೊಂಡು ನನ್ನನ್ನು ಹದಿಮೂರು ಸಲ ಸೋಲಿಸಿದನು. “ಅಜ್ಜ, ನೀವು ತುಂಬಾ ಬೀಸುತ್ತೀರಿ. ಹವೋಮಾರುವನ್ನು ಆಡಿಸುವುದೆಂದರೆ ಬೀಸದೆ ಇರುವುದನ್ನು ಕಲಿಯುವುದು” ಎಂದನು. ಶಾಲಾ ಮೇಷ್ಟರಾಗಿ ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಪಾಠ ಹಿತವಾಗಲಿಲ್ಲ, ಆದರೆ ಸರಿಯಾಗಿತ್ತು.

ಎಲ್ಲಕ್ಕಿಂತ ದೊಡ್ಡ ದೌರ್ಬಲ್ಯ ಖಡ್ಗ ಕೈಬಿಟ್ಟಾಗ ಕಾಣುತ್ತದೆ. ಈ ಆಟದಲ್ಲಿ ಎದುರಾಳಿಯ ಆಯುಧವನ್ನು ಹಾರಿಸಿಬಿಡುವ ಉಪಾಯಗಳಿವೆ. ಖಡ್ಗ ನೆಲಕ್ಕೆ ಬಿದ್ದ ಹವೋಮಾರು ಕೆಲವು ಬಡಪೆಟ್ಟುಗಳನ್ನು ಮಾತ್ರ ಕೊಡಬಲ್ಲ. ಅವನ ಹೆಸರು, ಗರ್ವ, ಭಯ ಹುಟ್ಟಿಸುವ ಶಕ್ತಿ ಎಲ್ಲವೂ ಮಾರು ದೂರದಲ್ಲಿ ಬಿದ್ದಿರುತ್ತದೆ. ಆದರೆ ಆಟದ ನಿರ್ಮಾಪಕರು ಇಲ್ಲೊಂದು ಒಳ್ಳೆಯ ಅಂಶವನ್ನು ಸೇರಿಸಿದ್ದಾರೆ. ನಿರಾಯುಧನಾದವನು ಎದುರಾಳಿಯ ಖಡ್ಗ ಇಳಿಯುವ ಕ್ಷಣವನ್ನು ಸರಿಯಾಗಿ ಗುರುತಿಸಿದರೆ ಅದನ್ನು ತನ್ನ ಎರಡು ಬರಿಗೈಗಳ ನಡುವೆ ಹಿಡಿದು ನಿಲ್ಲಿಸಬಹುದು. ಇದು ಬಹಳ ಕಠಿನ. ನಾಲ್ಕು ಸಂಜೆಗಳಲ್ಲಿ ನನಗೆ ಒಮ್ಮೆಯೂ ಸಾಧ್ಯವಾಗಲಿಲ್ಲ. ಮೊಮ್ಮಗ ಒಂದು ಸಲ ಮಾಡಿದನು. ಇಡೀ ಆಟದಲ್ಲಿ ನಾನು ಮನಸಾರೆ ಮೆಚ್ಚಿದ ದೃಶ್ಯ ಅದು.

ಕ್ರೋಧದ ಮಾಪಕ

ನೀತಿಯ ದೃಷ್ಟಿಯಿಂದ ವಿಚಾರಾರ್ಹವಾದ ಮತ್ತೊಂದು ಅಂಗ ಪರದೆಯ ಕೆಳಭಾಗದಲ್ಲಿ ಕಾಣುವ ಕ್ರೋಧದ ಮಾಪಕ. ಪೆಟ್ಟು ತಿಂದಂತೆಲ್ಲ ಆ ಪಟ್ಟಿ ತುಂಬುತ್ತದೆ. ಪೂರ್ತಿ ತುಂಬಿದಾಗ ಪಾತ್ರದ ಮೈ ಕೆಂಪೇರಿ, ಹೊಡೆತಗಳ ಬಲ ಹೆಚ್ಚುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದು ಇಳಿಯುತ್ತದೆ. ಕ್ರೋಧವು ನಾಲ್ಕು ಕಷಾಯಗಳಲ್ಲಿ ಮೊದಲನೆಯದೆಂದು ಬಲ್ಲ ನಮ್ಮ ಓದುಗರಿಗೆ, ಕ್ರೋಧವೇ ಬಲವೆಂದು ಸಾರುವ ಈ ಪಟ್ಟಿ ಮೊದಲ ನೋಟಕ್ಕೆ ಆಕ್ಷೇಪಾರ್ಹವಾಗಿ ಕಾಣುವುದು ಸಹಜ. ನನಗೂ ಹಾಗೆಯೇ ಕಂಡಿತು.

ಆದರೆ ಸರಣಿ ಬೆಳೆದಂತೆ ಈ ನಿಯಮ ಪಡೆದ ರೂಪಗಳನ್ನು ಗಮನಿಸಬೇಕು. ೨೦೦೩ರಲ್ಲಿ ಬಂದ ಐದನೆಯ ಭಾಗದಲ್ಲಿ ಖಡ್ಗಕ್ಕೂ ಒಂದು ಮಾಪಕವನ್ನು ಕೊಟ್ಟರು. ಬೀಸಿದಷ್ಟೂ ಅದು ಕುಗ್ಗುತ್ತದೆ, ಹೊಡೆತ ಸತ್ವ ಕಳೆದುಕೊಳ್ಳುತ್ತದೆ. ಬೀಸದೆ ತಡೆದು ನಿಂತರೆ ಮತ್ತೆ ತುಂಬುತ್ತದೆ. ಅದೇ ಭಾಗದಲ್ಲಿ ಪಾತ್ರವು ಹೋರಾಟದ ನಡುವೆಯೇ ಧ್ಯಾನ ಮಾಡುವ ಅವಕಾಶವೂ ಬಂದಿತು. ಧ್ಯಾನದಿಂದ ಕ್ರೋಧದ ಪಟ್ಟಿ ಇಳಿಯುತ್ತದೆ. ಹಾಗೆ ಇಳಿಸಿದವನಿಗೆ, ಸಂಕಟದ ಹೊತ್ತಿನಲ್ಲಿ ಎದುರಾಳಿಯ ಚಲನೆಯೆಲ್ಲ ನಿಧಾನವಾಗಿ ಕಾಣುವ ಒಂದು ಏಕಾಗ್ರ ಸ್ಥಿತಿ ಒದಗುವುದು ಸುಲಭವಾಗುತ್ತದೆ. ೨೦೧೯ರ ಆಟದಲ್ಲಿ ಕ್ರೋಧವನ್ನು ಒಮ್ಮೆಲೇ ಸ್ಫೋಟಿಸಬಹುದು. ಆಗ ದೊಡ್ಡ ಬಲ ಬರುತ್ತದೆ. ಆದರೆ ಒಂದು ಪಂದ್ಯಕ್ಕೆ ಒಮ್ಮೆ ಮಾತ್ರ. ಸ್ಫೋಟದ ಬಳಿಕ ಆ ಪಂದ್ಯ ಮುಗಿಯುವವರೆಗೆ ಮಾಪಕವೇ ಇಲ್ಲವಾಗುತ್ತದೆ. ಸಿಟ್ಟಿನಲ್ಲಿ ಒಮ್ಮೆ ಆಡಿದ ಮಾತಿನಿಂದ ಕೆಲಸ ಸಾಧಿಸಿ, ಆ ಮಾತಿನ ಬೆಲೆಯನ್ನು ವರ್ಷಗಟ್ಟಲೆ ತೆತ್ತ ಮನೆಗಳನ್ನು ಬಲ್ಲವರಿಗೆ ಈ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ, ಹೊರಗಿನಿಂದ ಹಿಂಸೆಯ ಆಟವಾಗಿ ಕಾಣುವುದರ ಒಳಗೆ ಸಂಯಮದ ಲೆಕ್ಕಾಚಾರವಿದೆ. ಬೀಸುವ ಆತುರವುಳ್ಳವನು ಇಲ್ಲಿ ಸೋಲುತ್ತಾನೆ. ದೂರವನ್ನು ಅಳೆದು ಕಾಯುವವನು ಗೆಲ್ಲುತ್ತಾನೆ. ಇದನ್ನು ಒಪ್ಪಿಕೊಳ್ಳದೆ ಈ ಆಟವನ್ನು ಖಂಡಿಸುವುದು ನ್ಯಾಯವಲ್ಲ. ಆದರೆ ಇಲ್ಲಿಗೇ ನಿಂತು ಅದನ್ನು ಕೊಂಡಾಡುವುದೂ ಸರಿಯಲ್ಲ. ಏಕೆಂದರೆ ಈ ಸಂಯಮದ ಗುರಿ ಮತ್ತೊಂದು ಹೊಡೆತವೇ ಆಗಿದೆ. ಬಕಪಕ್ಷಿ ಒಂಟಿಕಾಲಿನಲ್ಲಿ ನಿಂತಿರುವುದನ್ನು ಕಂಡು ನಾವು ಅದನ್ನು ತಪಸ್ವಿ ಎನ್ನುವುದಿಲ್ಲ.

ಕಥೆಯೊಳಗಿನ ಹವೋಮಾರು

ಆಟದ ನಿಯಮಗಳಿಂದಾಚೆಗೆ ಹವೋಮಾರುವಿಗೊಂದು ಕಥೆಯೂ ಇದೆ. ನಿಕೊಟಿನ್ ಎಂಬ ವಿಚಿತ್ರ ಹೆಸರಿನ ವೃದ್ಧ ಭಿಕ್ಷು ಅವನ ಗುರು. ಅದೇ ಗುರುವಿನಲ್ಲಿ ಕಲಿತ ಇನ್ನೊಬ್ಬ ಶಿಷ್ಯ ಗೆಂಜುರೋ, ೧೯೯೪ರ ಎರಡನೆಯ ಭಾಗದಲ್ಲಿ ಕಾಣಿಸಿಕೊಳ್ಳುತ್ತಾನೆ. ಗೆಂಜುರೋ ಕ್ರೂರಿ, ಗುರು ಅವನನ್ನು ಹೊರಗೆ ಹಾಕಿದನು. ಅಂದಿನಿಂದ ಹವೋಮಾರುವನ್ನು ಕೊಲ್ಲುವುದೇ ಅವನ ಹಂಬಲ. ಒಂದೇ ವಿದ್ಯೆ ಇಬ್ಬರಲ್ಲಿ ಎರಡು ದಾರಿ ಹಿಡಿದದ್ದನ್ನು ತೋರಿಸುವ ಈ ಜೋಡಿ ಸರಣಿಯ ಒಳ್ಳೆಯ ಕಲ್ಪನೆಗಳಲ್ಲಿ ಒಂದು. ಹವೋಮಾರು ದುರ್ಬಲರನ್ನು ಪೀಡಿಸುವವನಲ್ಲ, ಹಣಕ್ಕಾಗಿ ಖಡ್ಗ ಎತ್ತುವವನಲ್ಲ. ಅವನಲ್ಲಿ ಉದಾರತೆ ಇದೆ, ಹಾಸ್ಯವಿದೆ.

ಆದರೂ ಅವನಲ್ಲಿ ಒಂದು ಕೊರತೆ ಉಳಿಯುತ್ತದೆ. ಅವನನ್ನು ಪ್ರೀತಿಸಿ ಕಾಯುವ ಒಶಿಜು ಎಂಬ ಹೆಣ್ಣಿದ್ದಾಳೆ. ಅವಳನ್ನು ಬಿಟ್ಟು ಅವನು ಖಡ್ಗದ ಹಾದಿಯನ್ನೇ ಹಿಡಿಯುತ್ತಾನೆ. ಇದನ್ನು ವೈರಾಗ್ಯವೆಂದು ತಿಳಿಯುವ ಅಪಾಯವುಂಟು. ಆಟದ ನಿರ್ಮಾಪಕರೂ ಅದನ್ನು ಸ್ವಲ್ಪ ಹಾಗೆಯೇ ಚಿತ್ರಿಸಿದ್ದಾರೆ. ಮನೆಯನ್ನು ತೊರೆದವರೆಲ್ಲ ತ್ಯಾಗಿಗಳಾಗುವುದಿಲ್ಲ. ತೊರೆದದ್ದು ಯಾವುದಕ್ಕಾಗಿ ಎಂಬುದನ್ನು ಕೇಳಬೇಕು. ಹವೋಮಾರು ಮನೆಯನ್ನು ಬಿಟ್ಟನು, ಮಡದಿಯಾಗಬಹುದಾಗಿದ್ದವಳನ್ನು ಬಿಟ್ಟನು, ಒಡೆಯನನ್ನೂ ಇಟ್ಟುಕೊಳ್ಳಲಿಲ್ಲ. ಬಿಡದೆ ಉಳಿಸಿಕೊಂಡದ್ದು ಖಡ್ಗ ಒಂದನ್ನೇ. ಉಳಿದ ಎಲ್ಲ ಪರಿಗ್ರಹಗಳ ಭಾರ ಆ ಒಂದರ ಮೇಲೆ ಬಂದು ಕೂತಿದೆ. ಅವನನ್ನು ನಕೊರುರುವಿನೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅವಳೂ ಕತ್ತಿ ಹಿಡಿದವಳೇ. ಆದರೆ ಕಾಡು ಮತ್ತು ಪ್ರಾಣಿಗಳ ರಕ್ಷಣೆ ಅವಳ ಕಾರಣ. ಆ ಕಾರಣ ತೀರಿದರೆ ಕತ್ತಿಯನ್ನು ಕೆಳಗಿಡಬಹುದು. ಹವೋಮಾರುವಿಗೆ ಗೆಲುವೇ ಕಾರಣವಾದುದರಿಂದ, ಒಬ್ಬನನ್ನು ಗೆದ್ದ ಮರುದಿನವೇ ಇನ್ನೊಬ್ಬನ ಹುಡುಕಾಟ.

ಹಿಟ್ಟಿನ ಕೋಳಿಯ ಪ್ರಶ್ನೆ

ಮಗಳು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಪರದೆಯ ಮೇಲೆ ಯಾವ ಜೀವವೂ ಸಾಯುವುದಿಲ್ಲ. ಹಾಗಾದರೆ ಇದರಲ್ಲಿ ತಪ್ಪೇನು? ಈ ಪ್ರಶ್ನೆ ನಮಗೆ ಹೊಸದಲ್ಲ. ಜನ್ನನು ೧೨೦೯ರ ಸುಮಾರಿನಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಹೃದಯವೇ ಈ ಪ್ರಶ್ನೆ. ಜೀವವನ್ನು ಬಲಿಕೊಡಲು ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಹಿಟ್ಟಿಗೆ ಪ್ರಾಣವಿಲ್ಲ. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ತೊಳಲಬೇಕಾಯಿತು. ಕೊಲ್ಲಲ್ಪಟ್ಟದ್ದು ಏನು ಎಂಬುದಕ್ಕಿಂತ ಕೊಲ್ಲುವಾಗ ಮನಸ್ಸು ಎಲ್ಲಿತ್ತು ಎಂಬುದನ್ನು ಕವಿ ಮುಂದಿಟ್ಟನು.

ಈ ಒರೆಗಲ್ಲಿಗೆ ಹಚ್ಚಿದರೆ ಆಟ ಎರಡಾಗಿ ಒಡೆಯುತ್ತದೆ. ಆಡುವವನ ಮನಸ್ಸು ದೂರ, ಸಮಯ, ತಡೆ, ತಾಳ್ಮೆಗಳಲ್ಲಿ ನೆಟ್ಟಿದ್ದರೆ ಅದು ಚದುರಂಗಕ್ಕೆ ಹತ್ತಿರ. ಚದುರಂಗದಲ್ಲಿಯೂ ಆನೆ ಕುದುರೆಗಳನ್ನು ‘ಹೊಡೆಯುತ್ತೇವೆ’. ಕತ್ತರಿಸಿ ಬೀಳಿಸುವ ಸುಖದಲ್ಲಿ ಮನಸ್ಸು ನೆಟ್ಟಿದ್ದರೆ ಅದು ಹಿಟ್ಟಿನ ಕೋಳಿಗೆ ಹತ್ತಿರ. ನಿರ್ಮಾಪಕರು ಎರಡನೆಯದಕ್ಕೂ ಧಾರಾಳವಾಗಿ ಎಡೆ ಮಾಡಿಕೊಟ್ಟಿದ್ದಾರೆಂಬುದೇ ಈ ಸರಣಿಯ ಮೇಲೆ ನನ್ನ ಮುಖ್ಯ ಆಕ್ಷೇಪ. ಮೊದಲ ಭಾಗದಲ್ಲಿಯೇ ಕೊನೆಯ ಭಾರಿ ಹೊಡೆತಕ್ಕೆ ಎದುರಾಳಿಯ ದೇಹ ಸೀಳುವ ದೃಶ್ಯಗಳಿದ್ದವು. ೨೦೦೪ರಲ್ಲಿ ಐದನೆಯ ಭಾಗದ ವಿಶೇಷ ಆವೃತ್ತಿಯಲ್ಲಿ ಇನ್ನೂ ಘೋರವಾದ ಅಂತ್ಯಪ್ರಹಾರಗಳನ್ನು ಸೇರಿಸಿದರು. ಸಂಯಮದಿಂದ ಗೆದ್ದವನಿಗೂ ಬಹುಮಾನವಾಗಿ ದೊರೆಯುವುದು ರಕ್ತವೇ. ಹೊರದೇಶಗಳ ಕೆಲವು ಪ್ರತಿಗಳಲ್ಲಿ ರಕ್ತದ ಬಣ್ಣವನ್ನು ಬಿಳಿಯಾಗಿ ಮಾಡಿದ್ದುಂಟು. ಬಣ್ಣ ಬದಲಾದರೆ ನೋಟ ಸ್ವಲ್ಪ ಸಹ್ಯವಾಗಬಹುದು, ಭಾವ ಬದಲಾಗದು.

ನನ್ನ ಮನಸ್ಸು ಎಲ್ಲಿತ್ತೆಂಬುದನ್ನೂ ಹೇಳಬೇಕು. ನಾಲ್ಕನೆಯ ಸಂಜೆ, ಬಹಳ ಹೊತ್ತು ಕಾದು, ಮೊಮ್ಮಗನ ಪಾತ್ರ ಒಂದು ಹೆಜ್ಜೆ ಮುಂದಿಟ್ಟ ಕ್ಷಣದಲ್ಲಿ ಭಾರಿ ಹೊಡೆತ ಬೀಸಿದೆನು. ಅದು ತಾಗಿ ಎದುರಾಳಿ ಕುಸಿದನು. ನಾನು “ಬಿದ್ದ!” ಎಂದು ಕೂಗಿದೆನು. ಆ ಕೂಗಿನಲ್ಲಿ ತಾಳ್ಮೆ ಫಲಿಸಿದ ಸಂತೋಷ ಎಷ್ಟಿತ್ತು, ಕೆಡವಿದ ಸಂತೋಷ ಎಷ್ಟಿತ್ತು ಎಂದು ಆ ರಾತ್ರಿ ಯೋಚಿಸಿದೆನು. ಎರಡನೆಯದು ಇರಲಿಲ್ಲವೆಂದು ಹೇಳಲಾರೆ.

ಆ ಕೂಗಿಗೆ ಹಿಂದಿನಿಂದ ಒಂದು ನಗು ಕೇಳಿಸಿತು. ತಿರುಗಿ ನೋಡಿದರೆ ಎಂಟು ವರ್ಷದ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಎರಡು ಕೈಗಳಲ್ಲಿಯೂ ಅಡಿಕೋಲನ್ನು ಹಿಡಿದು, ಹವೋಮಾರುವಿನಂತೆಯೇ ಕಾಲು ಅಗಲಿಸಿ, ಅದನ್ನು ತಲೆಯ ಮೇಲಿಂದ ಬೀಸಿದಳು. ಅಣ್ಣನ ಭುಜಕ್ಕೆ ತಾಗಿತು. ಪೆಟ್ಟು ದೊಡ್ಡದಲ್ಲ, ಅವನೂ ನಕ್ಕನು. ನನಗೆ ಮಾತ್ರ ನಗು ಬರಲಿಲ್ಲ. ನಾಲ್ಕು ಸಂಜೆ ಅವಳು ಬಾಗಿಲಲ್ಲಿ ನಿಂತು ಕಲಿತದ್ದು ಬೀಸುವುದನ್ನು. ಕಾಯುವುದು ಅವಳಿಗೆ ಕಂಡೇ ಇರಲಿಲ್ಲ, ಏಕೆಂದರೆ ಅದು ಪರದೆಯ ಮೇಲೆ ಕಾಣುವಂಥದಲ್ಲ. ಆಡುವವನ ಬೆರಳುಗಳಲ್ಲಿ, ಮನಸ್ಸಿನಲ್ಲಿ ಮಾತ್ರ ಇರುವಂಥದು. ಆಟದ ದೋಷ ಕಣ್ಣಿಗೆ ಬೀಳುತ್ತದೆ, ಗುಣವನ್ನು ಆಡಿಯೇ ತಿಳಿಯಬೇಕು. ಮಗಳು ಕಂಡದ್ದೂ ಸತ್ಯ, ಮೊಮ್ಮಗ ಹೇಳಿದ್ದೂ ಸತ್ಯ ಎಂಬುದು ನನಗೆ ಆಗ ಮನದಟ್ಟಾಯಿತು.

ಉಪಸಂಹಾರ

ಆದುದರಿಂದ ಮನೆಯಲ್ಲಿ ನಾನು ಕೊಟ್ಟ ತೀರ್ಪು ಹೀಗಿತ್ತು. ಬುದ್ಧಿ ಬಲಿತ ಮೊಮ್ಮಗ ಆಡಲಿ. ಆದರೆ ಚಿಕ್ಕವಳು ಓಡಾಡುವ ನಡುಮನೆಯಲ್ಲಿ ಬೇಡ. ಸೋತಾಗ ಏಕೆ ಸೋತೆನೆಂಬುದನ್ನೂ, ಗೆದ್ದಾಗ ಯಾವುದರಿಂದ ಸಂತೋಷವಾಯಿತೆಂಬುದನ್ನೂ ತನ್ನಷ್ಟಕ್ಕೆ ಕೇಳಿಕೊಳ್ಳಲಿ. ಕೊನೆಯ ದೃಶ್ಯವೇ ಹಿತವಾಗತೊಡಗಿದ ದಿನ ಆಟವನ್ನು ತಾನೇ ನಿಲ್ಲಿಸಲಿ. ಮಗಳು ಇದನ್ನು ಪೂರ್ತಿ ಒಪ್ಪಲಿಲ್ಲ; ನಾನು ಮೊಮ್ಮಗನ ಕಡೆ ವಾಲಿದೆನೆಂಬುದು ಅವಳ ಅಭಿಪ್ರಾಯ. ಇರಬಹುದು.

ವಿದ್ಯಾರ್ಥಿನಿಲಯಗಳನ್ನು, ಪಾಠಶಾಲೆಗಳನ್ನು ನಡೆಸುವ ನಮ್ಮ ಬಸದಿಗಳ ಟ್ರಸ್ಟುಗಳಿಗೂ ಒಂದು ವಿನಂತಿ. ಆಟಗಳ ಹೆಸರು ಕೇಳಿಯೇ ನಿಷೇಧಿಸುವುದರಿಂದ ಹುಡುಗರು ಮರೆಯಲ್ಲಿ ಆಡುತ್ತಾರೆ. ಕಂಡೂ ಕಾಣದಂತೆ ಬಿಡುವುದರಿಂದ ಕೇಳುವವರಿಲ್ಲದೆ ಆಡುತ್ತಾರೆ. ಅಮೆರಿಕದಲ್ಲಿ ೧೯೯೪ರಿಂದಲೂ, ಜಪಾನಿನಲ್ಲಿ ೨೦೦೨ರಿಂದಲೂ ಇಂಥ ಆಟಗಳಿಗೆ ವಯೋಮಿತಿ ಗೊತ್ತುಪಡಿಸುವ ಸಂಸ್ಥೆಗಳಿವೆ. ಆ ಗುರುತು ಆಟದ ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಅದನ್ನು ನೋಡುವುದು ಮೊದಲ ಹೆಜ್ಜೆ. ನಿಲಯದ ಹಿರಿಯರೊಬ್ಬರು ಒಂದು ಸಂಜೆ ಹುಡುಗರ ಪಕ್ಕದಲ್ಲಿ ಕುಳಿತು, ಸಾಧ್ಯವಾದರೆ ಆಡಿ, ಸೋತು, ಅವರೊಡನೆ ಮಾತನಾಡುವುದು ಎರಡನೆಯದು. ಹವೋಮಾರುವಿನ ಬಲ ಯಾವುದು, ದೌರ್ಬಲ್ಯ ಯಾವುದು ಎಂದು ಕೇಳಿದರೆ ಹುಡುಗರು ಉತ್ಸಾಹದಿಂದ ಹೇಳುತ್ತಾರೆ. ಅವನು ಖಡ್ಗವನ್ನು ಎಂದು ಕೆಳಗಿಡುತ್ತಾನೆ ಎಂಬ ಪ್ರಶ್ನೆಯನ್ನು ಆ ಮಾತಿನ ನಡುವೆಯೇ ಕೇಳಬಹುದು. ಅದಕ್ಕೆ ಆಟದಲ್ಲಿ ಉತ್ತರವಿಲ್ಲ. ಆಡುವ ಹುಡುಗನಾದರೋ ಕಂಟ್ರೋಲರನ್ನು ಕೆಳಗಿಟ್ಟು ಊಟಕ್ಕೆ ಏಳಬಲ್ಲ; ಆ ಸ್ವಾತಂತ್ರ್ಯ ತನಗಿದೆಯೆಂಬುದನ್ನು ಅವನು ನೆನಪಿಟ್ಟುಕೊಳ್ಳುವಂತೆ ಮಾಡಿದರೆ ಹಿರಿಯರ ಕೆಲಸ ಬಹುಮಟ್ಟಿಗೆ ಆದಂತೆ.